ಚೀಟಿ ಬರೆದ ಮೇಲೆ ಅದನ್ನು ಯಾರು ಓದುತ್ತಾರೆ?

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಡಾಕ್ಟರ ಚೀಟಿಯ ಬಗ್ಗೆ ಉಪನ್ಯಾಸ ಅಂದಾಗ ಕೈಬರಹದ ಮಾತೇ ಇರುತ್ತೆ ಅಂತ ನಿಮ್ಮಲ್ಲಿ ಹಲವರು ಅಂದುಕೊಂಡಿರಬಹುದು. ಅದನ್ನೂ ಹೇಳುತ್ತೇನೆ. ಆದರೆ ನಾನು ಮೆಡಿಕಲ್ ಕಾಲೇಜಿನಲ್ಲಿ ಫಾರ್ಮಕಾಲಜಿ, ಅಂದರೆ ಔಷಧಶಾಸ್ತ್ರ, ಪಾಠ ಮಾಡುತ್ತಾ, ಚೀಟಿಗಳನ್ನು ಪರಿಶೀಲಿಸುವ ಪ್ರಿಸ್ಕ್ರಿಪ್ಷನ್ ಆಡಿಟ್ ಸಮಿತಿಯಲ್ಲಿ ಕೂತು ಚೀಟಿಗಳನ್ನು ಓದುತ್ತಾ ಬಂದವಳು. ಕೈಬರಹಕ್ಕಿಂತ ನನ್ನನ್ನು ಜಾಸ್ತಿ ಕಾಡುವ ಸಂಗತಿಗಳು ಎರಡಿವೆ. ಬರೆಯಲೇಬೇಕಾದದ್ದು ಚೀಟಿಯಲ್ಲಿ ಇರುವುದಿಲ್ಲ. ಬೇಡವಾದದ್ದು ಇರುತ್ತದೆ. ಇವೆರಡೂ ಕಡಿಮೆಯಾಗಬೇಕಾದರೆ ಡಾಕ್ಟರು ಬರೆದದ್ದನ್ನು ಔಷಧ ಬಲ್ಲ ಇನ್ನೊಬ್ಬರು ಓದುವ ಏರ್ಪಾಡು ಆಸ್ಪತ್ರೆಯಲ್ಲಿ ಇರಬೇಕು. ಇವತ್ತು ನಾನು ಹೇಳಲು ಬಂದಿರುವುದು ಮುಖ್ಯವಾಗಿ ಇದನ್ನೇ.

ಮೊದಲು ಕಾನೂನು ಎಷ್ಟು ಕೇಳುತ್ತದೆ ನೋಡೋಣ. ನಮ್ಮ ದೇಶದ 1945ರ ಔಷಧ ನಿಯಮಗಳಲ್ಲಿ 65ನೇ ನಿಯಮದಡಿ ಚೀಟಿಯ ವಿಷಯ ಬರುತ್ತದೆ. ಚೀಟಿ ಬರಹದಲ್ಲಿರಬೇಕು. ಡಾಕ್ಟರ ಸಹಿ ಮತ್ತು ತಾರೀಖು ಬೇಕು. ರೋಗಿಯ ಹೆಸರು, ವಿಳಾಸ ಬೇಕು. ಒಟ್ಟು ಎಷ್ಟು ಔಷಧ ಕೊಡಬೇಕು, ಡೋಸ್ ಎಷ್ಟು ಎಂದು ಇರಬೇಕು. ಆಮೇಲೆ 2016ರಲ್ಲಿ ಆಗಿನ ಭಾರತೀಯ ವೈದ್ಯಕೀಯ ಮಂಡಳಿ ತನ್ನ ನೀತಿ ನಿಯಮಕ್ಕೆ ತಿದ್ದುಪಡಿ ತಂದಿತು. ಜೆನೆರಿಕ್ ಹೆಸರು, ಅಂದರೆ ಕಂಪನಿ ಇಟ್ಟ ಬ್ರ್ಯಾಂಡ್ ಹೆಸರಲ್ಲದ ಔಷಧದ ಮೂಲ ಹೆಸರು, ಬರೆಯಬೇಕು, ಓದಲು ಆಗುವಂತೆ ಬರೆಯಬೇಕು, ಆದಷ್ಟೂ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕು ಎಂದಿತು. 2023ರ ಆಗಸ್ಟ್‌ನಲ್ಲಿ, ಆ ಮಂಡಳಿಯ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಜೆನೆರಿಕ್ ಹೆಸರನ್ನು ಇನ್ನಷ್ಟು ಬಿಗಿಯಾಗಿ ಕಡ್ಡಾಯ ಮಾಡಿತು. ಮೂರೇ ವಾರದಲ್ಲಿ ಆ ನಿಯಮಾವಳಿಯನ್ನು ತಡೆಹಿಡಿಯಿತು. ಜೆನೆರಿಕ್ಕೋ ಬ್ರ್ಯಾಂಡೋ ಎಂಬ ಆ ಜಗಳಕ್ಕೆ ನಾನು ಇವತ್ತು ಹೋಗುವುದಿಲ್ಲ, ಅದಕ್ಕೇ ಒಂದು ದಿನ ಬೇಕು.

ಕಾನೂನು ಕೇಳುವುದು ಕನಿಷ್ಠ. ಒಳ್ಳೆಯ ಚೀಟಿಯಲ್ಲಿ ಇನ್ನೂ ಕೆಲವು ಇರಬೇಕು. ರೋಗಿಯ ವಯಸ್ಸು, ಮಕ್ಕಳಾದರೆ ತೂಕ. ಯಾವ ಔಷಧಕ್ಕಾದರೂ ಅಲರ್ಜಿ ಇದೆಯಾ, ಇಲ್ಲವಾ. ಕಾಯಿಲೆಯ ಹೆಸರು, ಕಡೇ ಪಕ್ಷ ಅನುಮಾನ ಇರುವ ಕಾಯಿಲೆ. ಪ್ರತಿ ಔಷಧದ ಹೆಸರು, ಅದು ಮಾತ್ರೆಯೋ ಸಿರಪ್ಪೋ, ಎಷ್ಟು ಪವರ್‌ನದ್ದು, ದಿನಕ್ಕೆ ಎಷ್ಟು ಸಲ, ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನ. ಮತ್ತೆ ಯಾವಾಗ ಬರಬೇಕು. ಡಾಕ್ಟರ ಹೆಸರು ಮತ್ತು ನೋಂದಣಿ ಸಂಖ್ಯೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಒಂದು ಕೈಪಿಡಿ ತಂದಿತು. ಅದರಲ್ಲಿ ಚಿಕಿತ್ಸೆಗೆ ಆರು ಹೆಜ್ಜೆ. ತೊಂದರೆ ಏನು, ಚಿಕಿತ್ಸೆಯಿಂದ ಏನಾಗಬೇಕು, ಈ ಔಷಧ ಈ ರೋಗಿಗೆ ಹೊಂದುತ್ತದೆಯೇ ಎಂದು ನೋಡಿದ ಮೇಲೆ ನಾಲ್ಕನೆಯದಾಗಿ ಚೀಟಿ ಬರೆಯುವುದು. ಆಮೇಲೂ ಎರಡು ಹೆಜ್ಜೆ ಇವೆ. ರೋಗಿಗೆ ತಿಳಿಸಿ ಹೇಳುವುದು ಐದನೆಯದು. ಗುಣವಾಯಿತಾ, ಔಷಧ ನಿಲ್ಲಿಸಬಹುದಾ ಎಂದು ನೋಡುವುದು ಆರನೆಯದು. ನಮ್ಮ ಓಪಿಡಿಗಳಲ್ಲಿ, ಅಂದರೆ ಹೊರರೋಗಿ ವಿಭಾಗಗಳಲ್ಲಿ, ಮೊದಲೆರಡು ಹೆಜ್ಜೆಯಿಂದ ನೇರ ನಾಲ್ಕಕ್ಕೆ ಹಾರಿ, ಅಲ್ಲಿಗೇ ನಿಲ್ಲುವುದು ಹೆಚ್ಚು.

ಆಡಿಟ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಒಂದಷ್ಟು ಚೀಟಿಗಳನ್ನು ಯಾವುದೇ ಆಯ್ಕೆ ಮಾಡದೆ ತೆಗೆಯುತ್ತೇವೆ. ಒಳರೋಗಿಗಳದ್ದಾದರೆ ದಿನದಿನದ ಚಿಕಿತ್ಸೆ ಬರೆದಿಡುವ ಕೇಸ್ ಶೀಟ್ ತರಿಸುತ್ತೇವೆ. ಮೇಲೆ ಹೇಳಿದ ಒಂದೊಂದು ಅಂಶವೂ ಇದೆಯಾ ಎಂದು ಟಿಕ್ ಹಾಕುತ್ತಾ ಹೋಗುತ್ತೇವೆ. ರೋಗಿಯ ಹೆಸರು, ವಯಸ್ಸು, ತಾರೀಖು ಸಾಮಾನ್ಯವಾಗಿ ಇರುತ್ತವೆ. ಯಾಕೆ ಗೊತ್ತಾ? ಅವನ್ನು ಕೌಂಟರಿನಲ್ಲಿ ಕಂಪ್ಯೂಟರು ಮೊದಲೇ ಅಚ್ಚು ಹಾಕಿರುತ್ತದೆ. ಡಾಕ್ಟರು ತಾವೇ ತುಂಬಬೇಕಾದ ಜಾಗಕ್ಕೆ ಬಂದಾಗ ಖಾಲಿ ಕಾಣುತ್ತದೆ. ಅಲರ್ಜಿಯ ಜಾಗ ಖಾಲಿ. ಮಗುವಿನ ತೂಕ ಇಲ್ಲ. ಎಷ್ಟು ದಿನ ಅನ್ನುವುದು ಇಲ್ಲ. ಸಹಿ ಇದೆ, ಯಾರ ಸಹಿ ಅಂತ ಗೊತ್ತಾಗುವುದಿಲ್ಲ.

ಇದರಲ್ಲೇನು ದೊಡ್ಡ ವಿಷಯ ಅನ್ನಬೇಡಿ. ಎಲ್ಲರ ಮನೆಯಲ್ಲೂ ಇರುವ ಪ್ಯಾರಾಸಿಟಮಾಲನ್ನೇ ತೆಗೆದುಕೊಳ್ಳಿ. ಮಕ್ಕಳ ಸಿರಪ್ಪು 5 ಎಂಎಲ್‌ಗೆ 120 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಮಿಲಿಗ್ರಾಂ ಇರುವುದೂ ಸಿಗುತ್ತದೆ. ಕೈಗೂಸುಗಳ ಡ್ರಾಪ್ಸ್ ಬೇರೆ ಇದೆ. ಅದರ 1 ಎಂಎಲ್‌ನಲ್ಲೇ 100 ಮಿಲಿಗ್ರಾಂ ಇರುತ್ತದೆ. 10 ಕೆಜಿ ತೂಗುವ ಮಗುವಿಗೆ ಒಂದು ಸಲಕ್ಕೆ ಬೇಕಾದದ್ದು 100ರಿಂದ 150 ಮಿಲಿಗ್ರಾಂ. ಈಗ ಚೀಟಿಯಲ್ಲಿ ಸುಮ್ನೆ 'ಪ್ಯಾರಾಸಿಟಮಾಲ್ 5 ಎಂಎಲ್' ಅಂತಿದೆ ಅನ್ನಿ. ಮೊದಲ ಸಿರಪ್ಪಾದರೆ ಸರಿಹೋಗುತ್ತದೆ. ಎರಡನೆಯದಾದರೆ ಜಾಸ್ತಿ. ಅಪ್ಪಿತಪ್ಪಿ ಡ್ರಾಪ್ಸ್ ಬಾಟಲಿಯಿಂದ 5 ಎಂಎಲ್ ಅಳೆದರೆ ಮಗುವಿನ ಹೊಟ್ಟೆಗೆ 500 ಮಿಲಿಗ್ರಾಂ ಹೋಯಿತು. ದಿನಕ್ಕೆ ನಾಲ್ಕು ಸಲ ಹೀಗಾದರೆ ಲಿವರಿಗೆ ಅಪಾಯ. ಡಾಕ್ಟರಿಗೆ ಔಷಧ ಗೊತ್ತಿತ್ತು, ಡೋಸೂ ಗೊತ್ತಿತ್ತು. ಚೀಟಿಯಲ್ಲಿ ಬರೆಯಲಿಲ್ಲ, ಅಷ್ಟೇ.

ಅಂಕಿಗಳ ವಿಷಯದಲ್ಲೂ ಹೀಗೇ. ಅರ್ಧ ಮಿಲಿಗ್ರಾಮನ್ನು ಮುಂದೆ ಸೊನ್ನೆ ಹಾಕದೆ ಬರೀ ಚುಕ್ಕಿ ಇಟ್ಟು 5 ಅಂತ ಬರೆದರೆ, ಚುಕ್ಕಿ ಮಾಸಿ ಅದು 5 ಮಿಲಿಗ್ರಾಂ ಆಗುತ್ತದೆ. 5 ಅಂತ ಬರೆಯುವ ಕಡೆ 5.0 ಅಂತ ಬರೆದರೆ 50 ಎಂದು ಓದುವ ಭಯ. ಇನ್ಸುಲಿನ್‌ಗೆ ಯೂನಿಟ್ ಎಂದು ಪೂರ್ತಿ ಬರೆಯದೆ ಇಂಗ್ಲಿಷಿನ ಯು ಅಕ್ಷರ ಹಾಕಿದರೆ ಅದು ಸೊನ್ನೆಯ ಹಾಗೆ ಕಾಣುತ್ತದೆ. 10 ಯೂನಿಟ್ ಇದ್ದದ್ದು 100 ಆಗುತ್ತದೆ. ನಮ್ಮಲ್ಲಿ ಇನ್ಸುಲಿನ್ ಬಾಟಲಿಯೂ ಎರಡು ಬಗೆ, ಎಂಎಲ್‌ಗೆ 40 ಯೂನಿಟ್‌ನದ್ದು ಮತ್ತು 100 ಯೂನಿಟ್‌ನದ್ದು. ಸಿರಿಂಜೂ ಎರಡು ಬಗೆ, 40ರದ್ದು ಕೆಂಪು ಮುಚ್ಚಳದ್ದು ಮತ್ತು 100ರದ್ದು ಕಿತ್ತಳೆ ಮುಚ್ಚಳದ್ದು. 100ರ ಬಾಟಲಿಯಿಂದ 40ರ ಸಿರಿಂಜಿಗೆ ಎಳೆದರೆ ಎರಡೂವರೆ ಪಟ್ಟು ಇನ್ಸುಲಿನ್ ಹೋಗುತ್ತದೆ. ಮನೆಗೆ ಹೋಗುವ ಚೀಟಿಯಲ್ಲಿ ಬಾಟಲಿ ಯಾವುದು, ಸಿರಿಂಜು ಯಾವುದು ಎಂದು ಬರೆಯದಿದ್ದರೆ ಹೇಗೆ?

ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯ ಹೆಸರನ್ನು ಸಂಧಿವಾತ ಇರುವವರು ಕೇಳಿರುತ್ತೀರಿ. ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಮನೆಯಲ್ಲಿರುವ ಬೇರೆಲ್ಲಾ ಮಾತ್ರೆಗಳು ದಿನಾ ತೆಗೆದುಕೊಳ್ಳುವಂಥವು. ಹಾಗಾಗಿ ಇದನ್ನೂ ದಿನಾ ನುಂಗಿ, ಬಾಯೆಲ್ಲಾ ಹುಣ್ಣಾಗಿ, ರಕ್ತಕಣಗಳು ಕುಸಿದು ಆಸ್ಪತ್ರೆ ಸೇರುವವರು ಪ್ರಪಂಚದ ಎಲ್ಲಾ ಕಡೆ ಇದ್ದಾರೆ. ಪ್ರಾಣ ಕಳೆದುಕೊಂಡವರೂ ಇದ್ದಾರೆ. 'ವಾರಕ್ಕೊಮ್ಮೆ, ಸೋಮವಾರ ಮಾತ್ರ' ಎಂದು ಡಾಕ್ಟರು ದಿನದ ಹೆಸರು ಹಾಕಿ ಬರೆದರೆ ಈ ಅಪಾಯ ಬಹುಪಾಲು ತಪ್ಪುತ್ತದೆ. ಬರೆಯಲು ಹತ್ತು ಸೆಕೆಂಡು ಸಾಕು.

ಇನ್ನು ಕೈಬರಹ. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ 1995ರಲ್ಲಿ ಹೃದಯದ ತೊಂದರೆ ಇದ್ದ ರೋಗಿಯೊಬ್ಬರಿಗೆ ಡಾಕ್ಟರು ಐಸಾರ್ಡಿಲ್ 20 ಮಿಲಿಗ್ರಾಂ, ಆರು ಗಂಟೆಗೊಮ್ಮೆ ಎಂದು ಬರೆದರು. ಅಂಗಡಿಯಲ್ಲಿ ಅದನ್ನು ಪ್ಲೆಂಡಿಲ್ ಎಂದು ಓದಿದರು. ಅದು ಬಿಪಿ ಮಾತ್ರೆ. ಇಡೀ ದಿನಕ್ಕೆ 10 ಮಿಲಿಗ್ರಾಂ ಮೇಲೆ ಕೊಡುವಂಥದ್ದಲ್ಲ. ರೋಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು. 1999ರಲ್ಲಿ ತೀರ್ಪು ಬಂತು. ಪರಿಹಾರದ ಹೊಣೆಯನ್ನು ಬರೆದ ಡಾಕ್ಟರ ಮೇಲೂ ಕೊಟ್ಟ ಫಾರ್ಮಸಿಸ್ಟರ ಮೇಲೂ ಸಮನಾಗಿ ಹಾಕಿದರು. ನನಗೆ ಈ ಪ್ರಕರಣದಲ್ಲಿ ಮುಖ್ಯ ಅನ್ನಿಸುವುದು ಅದೇ. ಓದಿದವರು 'ಈ ಡೋಸ್ ಈ ಮಾತ್ರೆಗೆ ಹೊಂದುವುದಿಲ್ಲವಲ್ಲ' ಎಂದು ಒಂದು ಫೋನ್ ಮಾಡಬಹುದಿತ್ತು.

ನಮ್ಮಲ್ಲಿ ಬ್ರ್ಯಾಂಡ್ ಹೆಸರುಗಳ ಗೊಂದಲ ಇನ್ನೂ ಜಾಸ್ತಿ. ಮಲೇರಿಯಾದ ಎರಡು ಬೇರೆ ಬೇರೆ ಔಷಧಗಳಿಗೆ ಫಾಲ್ಸಿಗೋ, ಫಾಲ್ಸಿಟ್ಯಾಬ್ ಎಂದು ಹೆಸರಿದ್ದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಔಷಧಗಳ ಹೆಸರಿನ ವಿಷಯದಲ್ಲಿ ಬೇರೆ ಸರಕುಗಳಿಗಿಂತ ಹೆಚ್ಚು ಕಟ್ಟುನಿಟ್ಟಾಗಿ ನೋಡಬೇಕು, ಇಲ್ಲಿ ಗೊಂದಲವಾದರೆ ಜೀವವೇ ಹೋಗಬಹುದು ಎಂದು 2001ರಲ್ಲಿ ಕೋರ್ಟು ಹೇಳಿತು. ಓದಲಾಗದ ಬರಹದ ಬಗ್ಗೆಯೂ ಕೋರ್ಟುಗಳು ಮಾತಾಡಿವೆ. 2024ರ ಜನವರಿಯಲ್ಲಿ ಒರಿಸ್ಸಾ ಹೈಕೋರ್ಟು, ಹಾವು ಕಚ್ಚಿ ಸತ್ತವರ ಪರಿಹಾರದ ಪ್ರಕರಣವೊಂದರಲ್ಲಿ ಮರಣೋತ್ತರ ವರದಿ ಓದಲಾಗದೆ, ದೊಡ್ಡಕ್ಷರದಲ್ಲಿ ಇಲ್ಲವೇ ಟೈಪ್ ಮಾಡಿ ಬರೆಯುವಂತೆ ಡಾಕ್ಟರುಗಳಿಗೆ ಸುತ್ತೋಲೆ ಕಳಿಸಲು ಹೇಳಿತು. 2025ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಇನ್ನೂ ಮುಂದೆ ಹೋಯಿತು. ಓದಲು ಬರುವ ಚೀಟಿ ಪಡೆಯುವುದು ಜೀವಿಸುವ ಹಕ್ಕಿನ ಭಾಗ ಎಂದಿತು. ಕಂಪ್ಯೂಟರ್ ಚೀಟಿ ಬರುವ ತನಕ ದೊಡ್ಡಕ್ಷರದಲ್ಲಿ ಬರೆಯಿರಿ ಎಂದಿತು. ಒಳ್ಳೆಯ ಆದೇಶ. ಆದರೆ ದೊಡ್ಡಕ್ಷರದಲ್ಲಿ ಬರೆದ ತಪ್ಪು ಔಷಧ ತಪ್ಪೇ ಅಲ್ವಾ?

ಅಲ್ಲಿಗೆ ನನ್ನ ಎರಡನೇ ವಿಷಯಕ್ಕೆ ಬಂದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2019 ಮತ್ತು 2020ರ ನಡುವೆ ದೇಶದ 13 ದೊಡ್ಡ ಆಸ್ಪತ್ರೆಗಳ 4,838 ಚೀಟಿಗಳನ್ನು ಚಿಕಿತ್ಸಾ ಮಾರ್ಗಸೂಚಿಗಳ ಜೊತೆ ಹೋಲಿಸಿ ನೋಡಿತು. ಸುಮಾರು 45 ಶೇಕಡಾ ಚೀಟಿಗಳು ಮಾರ್ಗಸೂಚಿಯಿಂದ ಒಂದಲ್ಲ ಒಂದು ರೀತಿ ಆಚೀಚೆ ಹೋಗಿದ್ದವು. ಎಲ್ಲವೂ ಅಪಾಯದವಲ್ಲ. ಒಟ್ಟು ಚೀಟಿಗಳಲ್ಲಿ ಹತ್ತಿರ ಹತ್ತಿರ 10 ಶೇಕಡಾ ಮಾತ್ರ ಒಪ್ಪಲಾಗದ ಮಟ್ಟದವು. ಇವು ಹಳ್ಳಿಯ ನಕಲಿ ವೈದ್ಯರ ಚೀಟಿಗಳಲ್ಲ, ವೈದ್ಯರನ್ನು ತಯಾರು ಮಾಡುವಂಥ ದೊಡ್ಡ ಆಸ್ಪತ್ರೆಗಳವು ಎಂಬುದನ್ನು ನೆನಪಿಡಿ. ಬೇಡದೆ ಬರೆದ ಔಷಧಗಳಲ್ಲಿ ಮುಂದಿದ್ದದ್ದು ಪ್ಯಾಂಟೊಪ್ರಜೋಲ್, ನಮ್ಮ ಜನ ಗ್ಯಾಸ್ ಮಾತ್ರೆ ಅನ್ನುವುದು. ರಾಬೆಪ್ರಜೋಲ್ ಜೊತೆ ಡಾಂಪೆರಿಡೋನ್ ಸೇರಿಸಿದ ಮಾತ್ರೆ, ಊತಕ್ಕೆಂದು ಕೊಡುವ ಕಿಣ್ವದ ಮಾತ್ರೆಗಳೂ ಇದ್ದವು.

ಗ್ಯಾಸ್ ಮಾತ್ರೆ ಬರೆದರೆ ಏನಾಗುತ್ತೆ ಅಂತ ಡಾಕ್ಟರುಗಳೇ ನನ್ನನ್ನು ಕೇಳುತ್ತಾರೆ. ಕೆಲವರಿಗೆ ಅದು ನಿಜವಾಗಿ ಬೇಕು. ವಯಸ್ಸಾದವರಿಗೆ ನೋವಿನ ಮಾತ್ರೆ ಕೊಟ್ಟಾಗ ಹೊಟ್ಟೆ ಕಾಯಲು ಬೇಕೇ ಬೇಕು. ಆದರೆ ನೆಗಡಿಗೆ ಬಂದ ಇಪ್ಪತ್ತೈದರ ಯುವಕನಿಗೆ ಯಾಕೆ? ದುಡ್ಡು ದಂಡ. ಬೇಡದ್ದನ್ನು ಸೇರಿಸುತ್ತಾ ಹೋದರೆ ಬೇಕಾದದ್ದು ಯಾವುದು ಎಂದು ರೋಗಿಗೆ ತಿಳಿಯುವುದಿಲ್ಲ. ದುಡ್ಡು ಸಾಲದೆ ಅರ್ಧ ಚೀಟಿ ತೆಗೆದುಕೊಳ್ಳುವಾಗ ಗ್ಯಾಸ್ ಮಾತ್ರೆ ತಂದು ಬಿಪಿ ಮಾತ್ರೆ ಬಿಡುವವರೂ ಇದ್ದಾರೆ. ಮಾತ್ರೆಯನ್ನು ತಿಂಗಳುಗಟ್ಟಲೆ ನಿಲ್ಲಿಸದೆ ನುಂಗುವುದಂತೂ ಇನ್ನೊಂದು ಸಮಸ್ಯೆ. ಎಷ್ಟು ದಿನ ಎಂದು ಬರೆಯದೇ ಬಿಟ್ಟರೆ ಆಗುವುದೇ ಅದು.

ಆ್ಯಂಟಿಬಯಾಟಿಕ್‌ಗಳದ್ದು ಇದಕ್ಕಿಂತ ಗಂಭೀರ. ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ 2021–22ರಲ್ಲಿ 20 ಬೋಧನಾ ಆಸ್ಪತ್ರೆಗಳ ಒಳರೋಗಿಗಳನ್ನು ಸಮೀಕ್ಷೆ ಮಾಡಿತು. ಸುಮಾರು 72 ಶೇಕಡಾ ರೋಗಿಗಳು ಆ್ಯಂಟಿಬಯಾಟಿಕ್ ಪಡೆಯುತ್ತಿದ್ದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೋಂಕು ಬಂದಿದೆ ಎಂದಲ್ಲ, ಬಾರದಿರಲಿ ಎಂದು ಕೊಟ್ಟದ್ದು. ಯಾವ ರೋಗಾಣು ಎಂದು ಪರೀಕ್ಷೆಯಲ್ಲಿ ಗೊತ್ತಾಗಿ ಅದಕ್ಕೆ ತಕ್ಕ ಔಷಧ ಕೊಟ್ಟದ್ದು 6 ಶೇಕಡಾ. ಈ ಅಂಕಿ ಓದಿದಾಗ ನನಗೆ ನಿಜವಾಗಿ ಸಂಕಟವಾಯಿತು. ಆಪರೇಷನ್‌ಗೆ ಮುಂಚೆ ಒಂದು ಡೋಸ್ ಕೊಟ್ಟು ನಿಲ್ಲಿಸಬೇಕಾದದ್ದು ಐದು ದಿನ ಮುಂದುವರಿಯುವುದನ್ನು ವಾರ್ಡುಗಳಲ್ಲಿ ನೋಡಿದ್ದೇನೆ. ಯಾರೂ ಬೇಕೆಂದು ಮಾಡಿದ್ದಲ್ಲ. ನಿಲ್ಲಿಸಿ ಎಂದು ಯಾರೂ ಬರೆಯಲಿಲ್ಲ.

ವಾರ್ಡಿನ ಒಳಗಿನ ಒಂದು ಅಭ್ಯಾಸ ಹೇಳುತ್ತೇನೆ. ನೀವು ಕೇಸ್ ಶೀಟ್ ನೋಡಿದ್ದರೆ 'ಸಿಎಸ್‌ಟಿ' ಎಂಬ ಮೂರು ಅಕ್ಷರ ಕಂಡಿರುತ್ತೀರಿ. ಹಿಂದಿನ ದಿನದ ಚಿಕಿತ್ಸೆಯನ್ನೇ ಮುಂದುವರಿಸಿ ಎಂದರ್ಥ. ಬೆಳಗಿನ ರೌಂಡ್ಸ್‌ನಲ್ಲಿ ಪಿಜಿ ವಿದ್ಯಾರ್ಥಿ ಅದನ್ನು ಬರೆದು ಮುಂದಿನ ಮಂಚಕ್ಕೆ ಹೋಗುತ್ತಾರೆ. ನರ್ಸ್ ಹಿಂದಿನ ಹಾಳೆ ತಿರುವಿ ಹಳೆಯ ಔಷಧಗಳನ್ನು ಹೊಸ ಚಾರ್ಟಿಗೆ ಇಳಿಸುತ್ತಾರೆ. ಹೀಗೆ ನಾಲ್ಕು ದಿನ ಹೋದರೆ ಮೊದಲ ದಿನ ಬರೆದ ಔಷಧ ಯಾಕಿತ್ತು ಎಂದು ಯಾರಿಗೂ ನೆನಪಿರುವುದಿಲ್ಲ. ಕಿಡ್ನಿ ಪರೀಕ್ಷೆಯ ವರದಿ ಬದಲಾಗಿರಬಹುದು, ಡೋಸ್ ಮಾತ್ರ ಬದಲಾಗಿರುವುದಿಲ್ಲ. ಪ್ರತಿದಿನ ಔಷಧದ ಹೆಸರು ಪೂರ್ತಿ ಬರೆಯಬೇಕು ಎಂಬ ನಿಯಮ ಸುಮ್ನೆ ಮಾಡಿದ್ದಲ್ಲ. ಕೈ ಬರೆಯುವಾಗ ತಲೆ ಇನ್ನೊಂದು ಸಲ ಯೋಚಿಸುತ್ತದೆ.

ಹಾಗಾದರೆ ಡಾಕ್ಟರುಗಳಿಗೆ ಬರೆಯಲು ಬರುವುದಿಲ್ಲವೇ? ಎಂಬಿಬಿಎಸ್ ಎರಡನೇ ವರ್ಷ ನಾವು ಹೇಳಿಕೊಡುತ್ತೇವೆ. ಆಗ ಅವರ ಮುಂದೆ ರೋಗಿ ಇರುವುದಿಲ್ಲ, ಕಾಗದದ ಮೇಲಿನ ಕಾಲ್ಪನಿಕ ರೋಗಿ ಇರುತ್ತಾರೆ. ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆಯುತ್ತಾರೆ. ಓದು ಮುಗಿಸಿ ತರಬೇತಿಗೆ ಹೌಸ್ ಸರ್ಜನ್ ಆಗಿ ವಾರ್ಡಿಗೆ ಬಂದಾಗ ಸೀನಿಯರ್ ಬರೆಯುವುದನ್ನು ನೋಡಿ ಕಲಿಯುತ್ತಾರೆ. ಹಿಂದೆ ಕಲಿತದ್ದು ಅಲ್ಲಿಗೆ ಮುಗಿಯಿತು. ಓಪಿಡಿಯಲ್ಲಿ ಒಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಹೊರಗೆ ಸಾಲು. ಇಂಥ ಕಡೆ ಒಬ್ಬ ಡಾಕ್ಟರನ್ನು ಕರೆದು ಬೈದರೆ ಒಂದು ವಾರ ಸರಿ ಬರೆಯುತ್ತಾರೆ, ಆಮೇಲೆ ಮತ್ತೆ ಅದೇ.

ಇಂಗ್ಲೆಂಡಿನಲ್ಲಿ 2009ರಲ್ಲಿ ಒಂದು ದೊಡ್ಡ ಅಧ್ಯಯನದ ವರದಿ ಬಂತು. 19 ಆಸ್ಪತ್ರೆಗಳು, 1,24,260 ಔಷಧ ಆದೇಶಗಳು. ಸುಮಾರು 9 ಶೇಕಡಾದಲ್ಲಿ ತಪ್ಪಿತ್ತು. ಮೊದಲ ವರ್ಷದ ಕಿರಿಯ ಡಾಕ್ಟರಲ್ಲಿ 8.4, ಎರಡನೇ ವರ್ಷದವರಲ್ಲಿ 10.3. ಹಿರಿಯ ತಜ್ಞರದ್ದೂ 5.9. ಅಂದರೆ ಅನುಭವ ಸಹಾಯ ಮಾಡುತ್ತದೆ, ಆದರೆ ತಪ್ಪೇ ಮಾಡದವರು ಯಾವ ಹಂತದಲ್ಲೂ ಇಲ್ಲ. ಈಗ ಮುಖ್ಯ ಭಾಗ ಕೇಳಿ. ಆ ತಪ್ಪುಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ರೋಗಿಗೆ ತಲುಪುವ ಮುಂಚೆಯೇ ಸಿಕ್ಕಿಬಿದ್ದಿದ್ದವು. ಅಲ್ಲಿ ವಾರ್ಡಿಗೆ ಫಾರ್ಮಸಿಸ್ಟ್ ಬರುತ್ತಾರೆ, ಪ್ರತಿ ಚಾರ್ಟ್ ಓದುತ್ತಾರೆ, ಡಾಕ್ಟರನ್ನು ಕರೆದು ಕೇಳುತ್ತಾರೆ. ಡಾಕ್ಟರುಗಳು ಅಲ್ಲೂ ತಪ್ಪು ಬರೆಯುತ್ತಾರೆ. ಹಿಡಿಯುವವರು ಇದ್ದಾರೆ.

ಇದು ನಮಗೆ ಆಗದ ಮಾತೇನಲ್ಲ. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು 1990ರ ದಶಕದಲ್ಲೇ ಫಾರ್ಮಸಿ ಪ್ರಾಕ್ಟೀಸ್ ಕೋರ್ಸು ಶುರುಮಾಡಿ, ತನ್ನ ಜೊತೆಗಿನ ಆಸ್ಪತ್ರೆಯ ವಾರ್ಡುಗಳಿಗೆ ಕ್ಲಿನಿಕಲ್ ಫಾರ್ಮಸಿಸ್ಟರನ್ನು, ಅಂದರೆ ವಾರ್ಡಿನಲ್ಲೇ ರೋಗಿಗಳ ಔಷಧಗಳನ್ನು ಪರಿಶೀಲಿಸುವವರನ್ನು, ಕರೆತಂದಿತು. ದೇಶದಲ್ಲೇ ಇದು ಮೊದಮೊದಲ ಪ್ರಯತ್ನ. 2008ರಿಂದ ದೇಶದಲ್ಲಿ ಆರು ವರ್ಷದ ಫಾರ್ಮ್‌ಡಿ, ಅಂದರೆ ಡಾಕ್ಟರ್ ಆಫ್ ಫಾರ್ಮಸಿ ಕೋರ್ಸು ಇದೆ, ಕರ್ನಾಟಕದ ಹಲವು ಊರುಗಳಲ್ಲಿ ನಡೆಯುತ್ತಿದೆ. ಕಲಿತವರು ಪ್ರತಿ ವರ್ಷ ಹೊರಬರುತ್ತಿದ್ದಾರೆ. ಬಹಳಷ್ಟು ಜನ ಆಸ್ಪತ್ರೆಯಲ್ಲಿ ಕೆಲಸ ಸಿಗದೆ ಕಂಪನಿಗಳಿಗೆ, ಹೊರದೇಶಕ್ಕೆ ಹೋಗುತ್ತಾರೆ. ಜಿಲ್ಲಾ ಆಸ್ಪತ್ರೆಯ ಫಾರ್ಮಸಿಸ್ಟ್ ಇಡೀ ದಿನ ಕಿಟಕಿಯಲ್ಲಿ ಮಾತ್ರೆ ಎಣಿಸಿ ಕೊಡುವುದರಲ್ಲೇ ಇರುತ್ತಾರೆ. ಅವರಿಗೆ ಚೀಟಿ ಓದಿ ಪ್ರಶ್ನೆ ಕೇಳುವ ಪುರುಸೊತ್ತೂ ಇಲ್ಲ, ಅಧಿಕಾರವೂ ಇಲ್ಲ. ಇದು ಬದಲಾಗಬೇಕು ಎಂದು ನಾನು ಎಲ್ಲಾ ಕಡೆ ಹೇಳುತ್ತೇನೆ.

ಕಂಪ್ಯೂಟರ್ ಬಂದರೆ ಎಲ್ಲಾ ಸರಿಹೋಗುತ್ತೆ ಎನ್ನುವವರಿಗೆ ಎರಡು ಮಾತು. ಅಮೆರಿಕದ ಬಾಸ್ಟನ್‌ನ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರಿನಲ್ಲೇ ಔಷಧ ಬರೆಯುವ ವ್ಯವಸ್ಥೆ ಬಂದ ಮೇಲೆ ಗಂಭೀರ ತಪ್ಪುಗಳು 55 ಶೇಕಡಾ ಇಳಿದವು ಎಂದು 1998ರಲ್ಲಿ ವರದಿಯಾಯಿತು. ಆದರೆ 2005ರಲ್ಲಿ ಪೆನ್ಸಿಲ್ವೇನಿಯಾದ ಇನ್ನೊಂದು ಆಸ್ಪತ್ರೆಯ ಅಧ್ಯಯನ, ಅದೇ ಬಗೆಯ ವ್ಯವಸ್ಥೆ ದಾರಿ ಮಾಡಿಕೊಡುವ 22 ಬಗೆಯ ತಪ್ಪುಗಳನ್ನು ಪಟ್ಟಿ ಮಾಡಿತು. ಪಟ್ಟಿಯಲ್ಲಿ ಪಕ್ಕದ ಹೆಸರು ಒತ್ತುವುದು, ಬೇರೆ ರೋಗಿಯ ಪುಟದಲ್ಲಿ ಬರೆಯುವುದು, ಇಂಥವು. ಅಕ್ಷರ ಸ್ಪಷ್ಟವಾಗಿ ಇರುವುದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ. ಅಲ್ಲೂ ಓದುವವರು ಬೇಕೇ ಬೇಕು.

ಕನ್ನಡದ ಮಾತನ್ನೂ ಹೇಳಿಬಿಡುತ್ತೇನೆ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು ಸರ್ಕಾರಿ ಆಸ್ಪತ್ರೆಗಳಲ್ಲಿ ಚೀಟಿ ಕನ್ನಡದಲ್ಲಿ ಇರಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಕೆಲವು ಡಾಕ್ಟರು ಬರೆದು ತೋರಿಸಿದರು, ಸಂತೋಷ. ನನ್ನ ಅಭಿಪ್ರಾಯ ಇಷ್ಟು. ಔಷಧದ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಇರಲಿ, ಯಾಕೆಂದರೆ ಮಾತ್ರೆಯ ಶೀಟ್ ಮೇಲೂ ಹಾಗೇ ಇರುತ್ತದೆ, ಬೇರೆ ರಾಜ್ಯದಲ್ಲೂ ಓದಬೇಕಾಗಬಹುದು. ಹೇಗೆ ತೆಗೆದುಕೊಳ್ಳಬೇಕು, ಎಷ್ಟು ದಿನ, ಏನಾದರೆ ತಕ್ಷಣ ಬರಬೇಕು ಎಂಬುದು ಮಾತ್ರ ಕನ್ನಡದಲ್ಲೇ ಇರಬೇಕು. 1-0-1 ಎಂದು ಬರೆಯುವ ನಮ್ಮ ಪದ್ಧತಿ ಓದು ಬಾರದವರಿಗೂ ಅರ್ಥವಾಗುತ್ತದೆ, ಅದನ್ನು ಬಿಡಬಾರದು.

ಕೊನೆಯಲ್ಲಿ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಹಿರಿಯರೊಬ್ಬರು ಎದ್ದು, 'ಡಾಕ್ಟರನ್ನು ಹೀಗೆಲ್ಲಾ ಕೇಳಿದರೆ ಅವರಿಗೆ ಬೇಜಾರಾಗಲ್ವೇನಮ್ಮಾ?' ಎಂದರು. ಕೆಲವರಿಗೆ ಆಗಬಹುದು ಸಾರ್. ಆದರೂ ಕೇಳಿ. ಈ ಮಾತ್ರೆ ಯಾವುದಕ್ಕೆ, ಎಷ್ಟು ದಿನ, ನಾನು ಈಗ ತಗೊಳ್ತಿರೋದರ ಜೊತೆ ಸರಿಹೋಗುತ್ತಾ, ಈ ಮೂರು ಸಾಕು. ಹೋಗುವಾಗ ಹಳೆಯ ಚೀಟಿ ಮತ್ತು ಮಾತ್ರೆಯ ಶೀಟುಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನೀವು ಬಾಯಲ್ಲಿ ಹೇಳುವುದಕ್ಕಿಂತ ಅದನ್ನು ನೋಡಿದರೆ ಡಾಕ್ಟರಿಗೂ ಸುಲಭ.

ಹೌಸ್ ಸರ್ಜನ್ ಹುಡುಗಿಯೊಬ್ಬಳು ಕೇಳಿದಳು: 'ಮೇಡಂ, ಓಪಿಡಿಯಲ್ಲಿ ಇಷ್ಟೆಲ್ಲಾ ಬರೆಯೋಕೆ ಟೈಮ್ ಎಲ್ಲಿರುತ್ತೆ?' ನ್ಯಾಯವಾದ ಪ್ರಶ್ನೆ. ನೋಡಮ್ಮ, ಎಲ್ಲಾ ಒಂದೇ ದಿನ ಬರುವುದಿಲ್ಲ. ಅಲರ್ಜಿ ಕೇಳುವುದನ್ನು ಯಾವತ್ತೂ ಬಿಡಬೇಡ. ಮಗುವಾದರೆ ತೂಕ ಬರೆಯದೆ ಪೆನ್ನು ಕೆಳಗಿಡಬೇಡ. ಪ್ರತಿ ಔಷಧದ ಮುಂದೆ ಎಷ್ಟು ದಿನ ಎಂದು ಬರೆ. ಬೇಡ ಅನ್ನಿಸಿದ ಔಷಧ ಒಂದನ್ನು ಬಿಟ್ಟರೆ ಇಷ್ಟನ್ನು ಬರೆಯುವ ಸಮಯ ಅಲ್ಲೇ ಸಿಗುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ ಫಾರ್ಮ್‌ಡಿ ವಿದ್ಯಾರ್ಥಿಗಳಿದ್ದರೆ ಅವರನ್ನು ರೌಂಡ್ಸ್‌ಗೆ ಕರೆ. ಅವರು ಏನಾದರೂ ಕೇಳಿದಾಗ ನಿಂತು ಉತ್ತರ ಕೊಡು.